ಅತ್ತೆಯ ಕುರ್ಚಿ, ನನ್ನ ದಾರಿ

ನನ್ನ ಮೊದಲ ಹೆರಿಗೆಯ ದಿನ ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ದದ್ದು ನನ್ನನ್ನಲ್ಲ, ನನ್ನ ಅತ್ತೆಯನ್ನು. ಗ್ರನಾದಾದ ಅಲ್ಬೈಸಿನ್ ಗುಡ್ಡದಲ್ಲಿ ಇಂದಿಗೂ ಈ ಕತೆ ಹೇಳಿ ನಗುವ ಮುದುಕಿಯರಿದ್ದಾರೆ. ಆದರೆ ಅವರು ಹೇಳುವಾಗ, ಪಾಪ, ಸೊಸೆ ಅಳುತ್ತ ಕುರ್ಚಿಯ ಹಿಂದೆ ಓಡುತ್ತಿದ್ದಳು ಎಂದು ಸೇರಿಸುತ್ತಾರೆ. ಅದು ಶುದ್ಧ ಸುಳ್ಳು. ನಾನು ಅಳಲಿಲ್ಲ, ಹಿಂದೆಯೂ ಇರಲಿಲ್ಲ. ಕುರ್ಚಿಯೇ ನನ್ನ ಹಿಂದೆ ಬರುತ್ತಿತ್ತು.

ನಾನು ಅಂಪಾರೊ. ಹುಟ್ಟಿದ್ದು ಗುಡ್ಡದ ಕೆಳಗಿನ ಬಯಲಿನಲ್ಲಿ, ಹೊಗೆಸೊಪ್ಪಿನ ಹೊಲಗಳ ನಡುವೆ. ಅಲ್ಲಿ ನೆಲ ರೊಟ್ಟಿಯ ಹಾಗೆ ಚಪ್ಪಟೆ. ಬಾಗಿಲಲ್ಲಿ ನಿಂತರೆ ದೂರದಲ್ಲಿ ಬರುತ್ತಿರುವವರು ಯಾರೆಂದು ಅವರ ನಡಿಗೆಯಿಂದಲೇ ಹೇಳಬಹುದು. ಎಲೋಯ್‌ನನ್ನು ಮದುವೆಯಾಗಿ ಅಲ್ಬೈಸಿನ್‌ಗೆ ಬಂದಾಗ, ಎದುರಿಗೆ ಬರುವವರು ಎದೆಗೆ ಡಿಕ್ಕಿ ಹೊಡೆಯುವವರೆಗೂ ಕಾಣಿಸದ ಊರಿಗೆ ಬಂದು ಬಿದ್ದಂತಾಯಿತು. ಓಣಿ ಹೆಜ್ಜೆ ಹೆಜ್ಜೆಗೆ ತಿರುಗುತ್ತದೆ. ತಿರುಗಿದಲ್ಲಿ ಮೆಟ್ಟಿಲು, ಮೆಟ್ಟಿಲು ಮುಗಿದಲ್ಲಿ ಸುಣ್ಣದ ಗೋಡೆ, ಗೋಡೆಯಾಚೆ ಯಾರದೋ ತೋಟದ ದಾಳಿಂಬೆ ಮರ. ಹೊರೆ ಹೊತ್ತ ಹೇಸರಗತ್ತೆ ಬಂದರೆ ಮನುಷ್ಯರು ಯಾರದಾದರೂ ಬಾಗಿಲ ಸಂದಿಗೆ ಸರಿದು ನಿಲ್ಲಬೇಕು.

ಎಲೋಯ್ ನದಿಯಾಚೆಯ ಗುಡ್ಡದಲ್ಲಿ ಗಿಟಾರ್ ಮಾಡುವವರ ಹತ್ತಿರ ಕೆಲಸಕ್ಕಿದ್ದ. ಬೆಳಿಗ್ಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ನನ್ನ ಅತ್ತೆ ಆಂಗುಸ್ತಿಯಾಸ್. ಗಿಡ್ಡ ಆಳು, ದೊಡ್ಡ ಗಂಟಲು. ಗಂಡ ಸತ್ತ ಮೇಲೆ ಉಟ್ಟ ಕಪ್ಪು ಬಟ್ಟೆಯನ್ನು ಬಿಟ್ಟಿರಲಿಲ್ಲ. ಅದರ ಮೇಲೆ ಒಂದು ಚೂರು ಹಿಟ್ಟು ಬಿದ್ದರೂ ಸಹಿಸುತ್ತಿರಲಿಲ್ಲ. ನಾನು ಬಂದ ಮೊದಲ ವಾರವೇ ಕಟ್ಟಪ್ಪಣೆ ಹೊರಡಿಸಿದ್ದಳು.

"ಬ್ರೆಡ್ ಅಂಗಡಿ ದಾಟಿ ಒಬ್ಬಳೇ ಹೋಗ್ಬೇಡ. ಇವು ಸುಲ್ತಾನರ ಕಾಲದ ಓಣಿಗಳು ಕಣೇ. ಒಳಗೆ ಬಂದ ಶತ್ರು ಹೊರಗೆ ಹೋಗ್ಬಾರ್ದು ಅಂತಾನೇ ಕಟ್ಟಿಸಿರೋದು. ಇಲ್ಲೇ ಹುಟ್ಟಿದೋರಿಗೆ ಬಿಟ್ರೆ ಯಾರಿಗೂ ದಾರಿ ತಿಳಿಯಲ್ಲ. ನಿನ್ನ ಬಯಲು ಕಾಲಿಗಂತೂ ಸಾಧ್ಯವೇ ಇಲ್ಲ."

ನಾನು ಹೂಂ ಅಂದೆ. ಆದರೆ ಊಟವಾದ ಮೇಲೆ ನಮ್ಮ ಗುಡ್ಡವೆಲ್ಲ ಮಲಗುತ್ತದೆ. ಕಿಟಕಿಗಳ ಮರದ ಪರದೆಗಳು ಇಳಿಯುತ್ತವೆ, ಅಂಗಡಿಗಳು ಮುಚ್ಚುತ್ತವೆ, ಅತ್ತೆಯ ಗೊರಕೆ ಒಳಕೋಣೆಯಿಂದ ಅಂಗಳದ ತನಕ ಕೇಳುತ್ತದೆ. ಆ ಗೊರಕೆ ಶುರುವಾದ ಕೂಡಲೇ ನಾನು ಹಗ್ಗದ ಅಡಿಯ ಚಪ್ಪಲಿ ಹಾಕಿಕೊಂಡು ಹೊರಗೆ ಬೀಳುತ್ತಿದ್ದೆ. ಮದುವೆಯಾದ ತಿಂಗಳಿನಿಂದ ಹೆರಿಗೆಯ ಹಿಂದಿನ ದಿನದವರೆಗೂ, ಚಳಿಗಾಲದಲ್ಲೂ, ಬೇಸಗೆಯ ಉರಿಯಲ್ಲೂ. ಮೊದಮೊದಲು ಬೇಕೆಂತಲೇ ದಾರಿ ತಪ್ಪುತ್ತಿದ್ದೆ. ನಾನು ನೀರು ಕಟ್ಟುವವರ ಮನೆಯ ಹುಡುಗಿ. ನೆಲದ ಇಳಿಜಾರು ನನ್ನ ಪಾದಕ್ಕೆ ಗೊತ್ತಾಗುತ್ತದೆ. ಓಣಿಯ ನಡುವಿನ ಸಣ್ಣ ಚರಂಡಿಯ ನೀರು ಯಾವ ಕಡೆ ಹರಿಯುತ್ತದೋ ಆ ಕಡೆ ಇಳಿದರೆ ಕೊನೆಗೆ ದಾರ್ರೊ ನದಿ ಸಿಕ್ಕೇ ಸಿಗುತ್ತದೆ. ನದಿ ಸಿಕ್ಕಿದ ಮೇಲೆ ಮತ್ತೆ ಹತ್ತುವುದು, ಈ ಸಲ ಬೇರೆ ಓಣಿಯಿಂದ. ಹೀಗೆ ನಡೆದು ನಡೆದು, ಯಾವ ಗೋಡೆಯ ನೆರಳು ಯಾವಾಗ ಬೀಳುತ್ತದೆ, ಯಾವ ಕುಡಿಯುವ ನೀರಿನ ತೊಟ್ಟಿ ಹೆಚ್ಚು ತಂಪು, ಯಾವ ಓಣಿ ತೆರೆದಂತೆ ಕಂಡರೂ ಒಂದು ಬಾಗಿಲಲ್ಲಿ ಮುಗಿದುಹೋಗುತ್ತದೆ, ಎಲ್ಲ ನನ್ನದಾಯಿತು. ಎದುರು ಗುಡ್ಡದ ಕೆಂಪು ಅರಮನೆ ಎಡಕ್ಕೋ ಬಲಕ್ಕೋ ಎಂದು ನೋಡಿದರೆ ಸಾಕಿತ್ತು, ನಾನೆಲ್ಲಿದ್ದೇನೆ ಎಂದು ತಿಳಿಯುತ್ತಿತ್ತು. ಅತ್ತೆ ಎದ್ದು ಮುಖ ತೊಳೆಯುವ ಹೊತ್ತಿಗೆ ನಾನು ಒಲೆಯ ಮುಂದೆ.

ಪಕ್ಕದ ಸಾಕ್ರೊಮೊಂತೆಯಲ್ಲಿ ಗುಡ್ಡ ಕೊರೆದು ಮಾಡಿದ್ದ ಗುಹೆಮನೆಗಳನ್ನೆಲ್ಲ ಕೆಡವಿದ ಮಹಾಮಳೆ ಬರುವುದಕ್ಕೆ ಮುಂಚಿನ ಮಾತು. ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ನನಗೆ ಸೊಂಟ ಹಿಡಿಯಲು ಶುರುವಾಯಿತು. ಅತ್ತೆ ಸೂಲಗಿತ್ತಿ ದೊನ್ಯ ಬೆನೀತರನ್ನು ಕರೆಸಿದಳು. ದೊನ್ಯ ಬೆನೀತ ಗಂಡಸರಂಥ ಕೈಗಳ ಹೆಂಗಸು. ಆ ಗುಡ್ಡದ ಅರ್ಧ ಮಂದಿಯನ್ನು ಮೊದಲು ಮುಟ್ಟಿದ್ದು ಆ ಕೈಗಳೇ. ಹೊಟ್ಟೆ ಒತ್ತಿ ನೋಡಿದರು.

"ಇನ್ನೂ ಹೊತ್ತಿದೆ. ಸಂಜೆ ಆಗುತ್ತೆ, ಹೆಚ್ಚೂಕಮ್ಮಿ. ನಾನೀಗ ಸಾಕ್ರೊಮೊಂತೆಗೆ ಹೋಗ್ತೀನಿ. ತಾಮ್ರದ ಕೆಲಸದ ಮನೋಲೊ ಇದಾನಲ್ಲ, ಅವನ ಹೆಂಡ್ತಿ ತ್ರಿನಿಗೆ ಬೆಳಗಿನ ಜಾವದಿಂದ ನೋವು. ಅಲ್ಲಿ ಮುಗಿಸಿ ಇಲ್ಲಿಗೆ ಬರ್ತೀನಿ."

"ಇವಳನ್ನ ಮಲಗಿಸ್ಲಾ?" ಎಂದಳು ಅತ್ತೆ.

"ಮಲಗಿಸಿದ್ರೆ ನಾಳೆಯಾದ್ರೂ ಹೆರಲ್ಲ. ನಡೆಸು. ಹತ್ತಿಸು, ಇಳಿಸು. ಮಗು ತಾನಾಗೇ ಕೆಳಗೆ ದಾರಿ ಹುಡುಕ್ಕೊಳ್ಳುತ್ತೆ."

ದೊನ್ಯ ಬೆನೀತ ಹೋದರು. ಅತ್ತೆ ಮದುವೆಗೆ ಹೊರಟವಳಂತೆ ತಲೆ ಬಾಚಿ, ಶಾಲು ಹೊದ್ದು, ಕೈಚೀಲ ಹಿಡಿದಳು.

"ನಡಿ. ಇವತ್ತು ನಿನಗೆ ಊರು ತೋರಿಸ್ತೀನಿ. ನನ್ನ ಕೈ ಬಿಡ್ಬೇಡ."

ನಾನು ಕೈ ಹಿಡಿದೆ. ಏನು ಹೇಳಲಿ? ಸಂತೋಷವಾಗಿತ್ತು. ನೋವು ಬಂದು ಹೋಗಿ ಮಾಡುತ್ತಿತ್ತು. ಬಂದಾಗ ಗೋಡೆಗೆ ಒರಗಿ ನಿಲ್ಲುತ್ತಿದ್ದೆ, ಹೋದಾಗ ನನ್ನಷ್ಟು ಹಗುರಾದವಳು ಆ ಗುಡ್ಡದಲ್ಲಿ ಇನ್ನೊಬ್ಬಳಿರಲಿಲ್ಲ. ಈ ನಡಿಗೆಯೊಂದು ನನಗೆ ಬರುತ್ತದೆ, ಇನ್ನುಳಿದದ್ದೂ ಬಂದೇ ಬರುತ್ತದೆ ಎಂದುಕೊಂಡೆ.

ಪ್ಲಾಸಾ ಲಾರ್ಗ ಚೌಕದಲ್ಲಿ ಸಂತೆ ಬಿಸಿಯೇರಿತ್ತು. ಎಲಚಿಹಣ್ಣು, ಸುಟ್ಟ ಚೆಸ್ಟ್‌ನಟ್, ಬಾಯಿ ಬಿಟ್ಟ ದಾಳಿಂಬೆ. ಅತ್ತೆ ಎಲ್ಲರಿಗೂ ಕೇಳುವಂತೆ, "ಸೊಸೆಗೆ ಇವತ್ತೇ ಆಗುತ್ತೆ, ನಡೆಸ್ತಾ ಇದೀನಿ" ಎಂದು ಸಾರುತ್ತ ಹೋದಳು. ಎಲಚಿಹಣ್ಣು ಮಾರುವ ರೆಮೆದಿಯೋಸ್ ಅತ್ತೆಯನ್ನು ದಾಟಿ ನನ್ನ ಕಡೆ ಕತ್ತು ಚಾಚಿದಳು.

"ಏನಮ್ಮ ಅಂಪಾರೊ, ಇವತ್ತೇನು ಬೆಳಿಗ್ಗೇನೇ? ನಿನ್ನ ಹೊತ್ತು ಊಟ ಆದ್ಮೇಲಲ್ವಾ?"

ಅತ್ತೆಯ ಹುಬ್ಬು ಮೇಲೇರಿತು. "ಇವಳಿಗೆ ನೀನು ಹೇಗೆ ಗೊತ್ತು?"

"ಸಂತೇಲಿ ಪರಿಚಯ, ಅತ್ತೆ."

"ಸಂತೆಗೆ ನೀನು ಬರೋದು ನನ್ನ ಜೊತೆ. ನನ್ನ ಜೊತೆ ಬಂದಾಗ ಈ ಹೆಂಗಸು ಹೀಗೆ ಹಲ್ಲು ಕಿರಿದಿದ್ದು ನಾನು ನೋಡಿಲ್ಲ."

ಅಷ್ಟರಲ್ಲಿ ನನಗೆ ನೋವು ಬಂತು. ನನ್ನ ಅದೃಷ್ಟ, ಸರಿಯಾದ ಹೊತ್ತಿಗೇ ಬಂತು. ಅತ್ತೆ ಪ್ರಶ್ನೆ ಮರೆತು ನನ್ನ ಬೆನ್ನು ತಿಕ್ಕಿದಳು. ಮುಂದೆ ಹಳೆಯ ಕೋಟೆ ಬಾಗಿಲು ದಾಟಿ ಮೇಲೆ ಹತ್ತಿದೆವು. ಅಲ್ಲೊಂದು ಮನೆಯ ಹೊಸ್ತಿಲಲ್ಲಿ ಒಂದು ಕಂದು ನಾಯಿ ಇರುತ್ತದೆ. ಅತ್ತೆಯನ್ನು ಕಂಡರೆ ಅದಕ್ಕೆ ಆಗದು. ಹಲ್ಲು ತೋರಿಸಿ ಗುರ್ ಎಂದಿತು. ಆಮೇಲೆ ನನ್ನನ್ನು ನೋಡಿ ಬಾಲ ಬೀಸುತ್ತ ಬಂದು ನನ್ನ ಕಾಲ ಬೆರಳುಗಳನ್ನು ನೆಕ್ಕತೊಡಗಿತು. ಅತ್ತೆ ನಾಯಿಯನ್ನೂ ನನ್ನನ್ನೂ ಒಂದಾದ ಮೇಲೊಂದು ನೋಡಿದಳು.

"ಇದಕ್ಕೂ ಸಂತೇಲೇ ಪರಿಚಯಾನಾ?"

ನಗು ತಡೆಯುವುದು ನೋವು ತಡೆಯುವುದಕ್ಕಿಂತ ಕಷ್ಟವಾಗಿತ್ತು.

ಸಾನ್ ನಿಕೊಲಾಸ್ ಚರ್ಚಿನ ಮುಂದಿನ ಕಟ್ಟೆಯ ಮೇಲೆ ಸ್ವಲ್ಪ ಕೂತು, ಅಲ್ಲಿಂದ ಕೆಳಗಿಳಿಯುವ ಮೆಟ್ಟಿಲ ಓಣಿಗೆ ಬಂದೆವು. ನಯವಾದ ಉಂಡೆಗಲ್ಲು ಹಾಸಿದ ಓಣಿ. ಯಾರೋ ಹೆಂಗಸು ಬಾಗಿಲು ತೊಳೆದು ನೀರು ಚೆಲ್ಲಿದ್ದಳು. ಅತ್ತೆ ನನಗಿಂತ ಒಂದು ಮೆಟ್ಟಿಲು ಕೆಳಗೆ, ನನ್ನ ಕಡೆ ಮುಖ ಮಾಡಿ, ಹಿಂದು ಹಿಂದಕ್ಕೆ ಇಳಿಯುತ್ತಿದ್ದಳು.

"ನೋಡಿ ಕಾಲಿಡು. ಇದು ನಿಮ್ಮ ಬಯಲಲ್ಲ. ನನ್ನ ಹಾಗೆ ಹಿಮ್ಮಡಿ ಊರಿ..."

ಮಾತು ಮುಗಿಯುವ ಮೊದಲೇ ಹಿಮ್ಮಡಿ ಜಾರಿತು. ಕೈಚೀಲ ಒಂದು ಕಡೆ, ಶಾಲು ಒಂದು ಕಡೆ, ಅತ್ತೆ ಕಪ್ಪು ಮೂಟೆಯ ಹಾಗೆ ನಾಲ್ಕಾರು ಮೆಟ್ಟಿಲು ಉರುಳಿ ತ್ರಿಯ್ಯೊ ನೀರತೊಟ್ಟಿಯ ಮುಂದೆ ಕೂತುಬಿಟ್ಟಳು. ನಾನು ಗೋಡೆ ಹಿಡಿದು ಇಳಿದೆ. ಅವಳ ಬಲಗಾಲಿನ ಗಿಣ್ಣು ನಾನು ನೋಡುತ್ತಿದ್ದಂತೆಯೇ ಊದಿಕೊಳ್ಳುತ್ತಿತ್ತು. ಎತ್ತಲೆಂದು ಬಗ್ಗಿದೆ. ಒಳಗೇನೋ ಪಟಕ್ಕೆಂದಿತು. ಬೆಚ್ಚಗಿನ ನೀರು ಕಾಲುಗಳ ಮೇಲೆ ಇಳಿದು ಉಂಡೆಗಲ್ಲುಗಳ ಸಂದಿಯಲ್ಲಿ ಹರಿಯಿತು.

ಇಬ್ಬರೂ ಆ ನೀರನ್ನು ನೋಡಿದೆವು.

"ದೇವರ ತಾಯೀ," ಎಂದಳು ಅತ್ತೆ. ದೊಡ್ಡ ಗಂಟಲು ಎಲ್ಲಿಗೆ ಹೋಯಿತೋ. "ಮನೆಗೆ ಹೋಗೋಣ. ನನ್ನ ಎಬ್ಬಿಸು."

ಮನೆಗೆ ಹೋಗಬೇಕೆಂದರೆ ಇಳಿದದ್ದನ್ನೆಲ್ಲ ಮತ್ತೆ ಹತ್ತಬೇಕು. ಹತ್ತಿದರೂ ಮನೆಯಲ್ಲಿ ಸೂಲಗಿತ್ತಿಯಿಲ್ಲ. ನನ್ನ ತಲೆ ಆ ಹೊತ್ತಿಗೆ ಎಷ್ಟು ತಿಳಿಯಾಗಿತ್ತೆಂದರೆ, ಗುಡ್ಡದ ಓಣಿಗಳೆಲ್ಲ ಅಂಗೈ ರೇಖೆಗಳಂತೆ ಕಾಣುತ್ತಿದ್ದವು.

"ಮನೆಗಲ್ಲ, ಅತ್ತೆ. ದೊನ್ಯ ಬೆನೀತ ಎಲ್ಲಿದಾರೋ ಅಲ್ಲಿಗೆ ಹೋಗ್ತೀನಿ. ನೀವು ಇಲ್ಲೇ ನೆರಳಲ್ಲಿ ಕೂತಿರಿ."

"ಸಾಕ್ರೊಮೊಂತೆಗಾ? ಒಬ್ಬಳೇ? ಈ ಸ್ಥಿತೀಲಿ? ನನ್ನ ಮಗನಿಗೆ ಏನಂತ ಹೇಳ್ಲಿ? ನಾನೂ ಬರ್ತೀನಿ."

"ಹೇಗೆ ಬರ್ತೀರಿ?"

"ತೆವಳ್ಕೊಂಡು ಬರ್ತೀನಿ!"

ತೆವಳುವ ಹೆಂಗಸೇ ಅವಳು. ನಾನು ಎದುರಿಗಿದ್ದ ಕುಸ್ತೋದಿಯೊನ ವೈನ್ ಅಂಗಡಿಯೊಳಗೆ ನಡೆದೆ. ಹೆಂಗಸರು ಒಬ್ಬೊಬ್ಬರೇ ಕಾಲಿಡುವ ಜಾಗವಲ್ಲ ಅದು. ಒಳಗೆ ಗಂಡಸರು ಮಸಾಲೆಯಲ್ಲಿ ಬೇಯಿಸಿದ ಬಸವನಹುಳುಗಳನ್ನು ಕಡ್ಡಿಯಿಂದ ಎತ್ತಿ ಹೀರುತ್ತಿದ್ದರು. ನನ್ನ ಹೊಟ್ಟೆ ನೋಡಿ, ಒದ್ದೆಯಾದ ಲಂಗ ನೋಡಿ, ಎಲ್ಲರ ಕೈ ಬಾಯಿಯ ಹತ್ತಿರವೇ ನಿಂತುಹೋಯಿತು.

"ಒಂದು ಕುರ್ಚಿ ಬೇಕು. ಹೊರೋದಕ್ಕೆ ಇಬ್ಬರು ಬೇಕು. ಸಾಕ್ರೊಮೊಂತೆವರೆಗೆ."

ಕುಸ್ತೋದಿಯೊ ಗಲ್ಲಾದ ಹಿಂದಿನಿಂದ ತನ್ನ ಗಟ್ಟಿ ಕುರ್ಚಿಯನ್ನೇ ಎತ್ತಿಕೊಂಡು ಓಡಿಬಂದ. "ಕೂತ್ಕೊ ತಾಯಿ, ಕೂತ್ಕೊ."

"ನನಗಲ್ಲ. ನಮ್ಮತ್ತೆಗೆ."

"ಹೆರೋದು ಯಾರು?"

"ನಾನು."

"ಹಾಗಾದ್ರೆ ಕೂತ್ಕೊಳ್ಳೋದು..."

"ನಾನು ಕೂತ್ರೆ ಇಲ್ಲೇ ಆಗಿಹೋಗುತ್ತೆ. ನಿಮ್ಮ ಅಂಗಡೀಲಿ ಆದ್ರೆ ಪರವಾಗಿಲ್ವಾ?"

ಕುಸ್ತೋದಿಯೊ ಏಪ್ರನ್ ಬಿಚ್ಚಿ ಎಸೆದ. ಮೂಲೆಯಲ್ಲಿದ್ದ ಅವನ ಭಾವಮೈದುನ ಮೆಲ್ಚೋರ್, ಕಲ್ಲಿದ್ದಲು ಹೊರುವವನು, ಕೇಳುವ ಮೊದಲೇ ಎದ್ದುನಿಂತ. ಇಬ್ಬರೂ ಅತ್ತೆಯನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ಕೂತ ಕೂಡಲೇ ಅವಳ ಗಂಟಲು ವಾಪಸ್ ಬಂತು.

"ಮೇಲೆ ಹತ್ತಿ! ಪ್ಲಾಸಾ ಲಾರ್ಗ ದಾಟಿ, ಸಾನ್ ಸಲ್ವದೋರ್ ಚರ್ಚಿನ ಮುಂದಿಂದ, ಅಲ್ಲಿಂದ ಕೆಳಗೆ."

"ಬೇಡ," ಎಂದೆ. "ಇಲ್ಲಿಂದ ಇನ್ನೊಂದು ತಿರುವು ಇಳಿದ್ರೆ ಸಾನ್ ಹುವಾನ್ ಬೀದಿ. ಅದು ಉದ್ದಕ್ಕೂ ಸಮವಾಗಿದೆ, ಕುರ್ಚಿ ಅಲ್ಲಾಡಲ್ಲ. ನೇರ ಚಾಪೀಸ್ ಏರಿಗೆ ಹೋಗಿ ಸೇರುತ್ತೆ. ಅಲ್ಲಿ ಸ್ವಲ್ಪ ಹತ್ತಿದ್ರೆ ಆಯ್ತು."

"ನಿನಗೇನು ಗೊತ್ತು? ಹುಟ್ಟಿದ್ದು ನಾನಾ ಇಲ್ಲಿ, ನೀನಾ?"

ಇಬ್ಬರು ಗಂಡಸರೂ ಕುರ್ಚಿ ಹಿಡಿದು ನಿಂತು ನಮ್ಮ ಮುಖ ಮುಖ ನೋಡಿದರು. ನನಗೆ ವಾದ ಮಾಡಲು ಪುರಸೊತ್ತಿರಲಿಲ್ಲ.

"ದಿನಾ ನೀವು ಮಲಗಿದ ಮೇಲೆ ನಡೆದಿದೀನಿ, ಅತ್ತೆ. ಮದುವೆ ಆದಾಗಿಂದ. ಬೈಯೋದನ್ನ ಆಮೇಲೆ ಬೈಯಿರಿ. ಈಗ ಬನ್ನಿ."

ಹೇಳಿ ನಡೆದೇಬಿಟ್ಟೆ. ಹಿಂದೆ ಕುಸ್ತೋದಿಯೊ, "ಸೊಸೆ ಹೇಳೋದೇ ಸರಿ ಆಂಗುಸ್ತಿಯಾಸಕ್ಕ, ನಿಮ್ಮನ್ನ ಹೊತ್ಕೊಂಡು ಮೇಲೆ ಹತ್ತಿದ್ರೆ ನನಗೇ ಹೆರಿಗೆ ಆಗುತ್ತೆ" ಎನ್ನುವುದು ಕೇಳಿತು. ಕುರ್ಚಿಯ ಕಾಲುಗಳು ಗೋಡೆಗೆ ತಾಗಿ ಟಕ್ ಎಂದವು. ಬರುತ್ತಿದ್ದಾರೆ.

ಸಾನ್ ಹುವಾನ್ ಬೀದಿಗೆ ಇಳಿದೆವೋ ಇಲ್ಲವೋ, ಬಾಲ್ಕನಿಗಳು ಒಂದೊಂದಾಗಿ ತೆರೆದುಕೊಂಡವು. ಒಗೆದ ಬಟ್ಟೆಗಳ ನಡುವಿನಿಂದ ಒಬ್ಬಳು ಕೂಗಿದಳು.

"ಅಯ್ಯೋ ಆಂಗುಸ್ತಿಯಾಸ್! ಈ ವಯಸ್ಸಲ್ಲಿ! ಯಾರ್ದೇ ಮಗು?"

"ಬಾಯ್ಮುಚ್ಚೇ! ಕಾಲು ಉಳುಕಿದೆ!"

"ಹೆರಿಗೆ ಅಂದ್ರು?"

"ಹೆರಿಗೆ ಮುಂದೆ ಹೋಗ್ತಿದಾಳಲ್ಲ, ಅವಳ್ದು!"

"ಮತ್ತೆ ಅವಳನ್ನ ನಡೆಸಿ ನೀನು ಮಹಾರಾಣಿ ಹಾಗೆ ಕೂತಿದೀಯಾ? ನಾಚಿಕೆ ಆಗಲ್ವಾ?"

ಅತ್ತೆ ಉತ್ತರ ಕೊಡಲು ಬಾಯಿ ತೆರೆದಳು, ಆದರೆ ಕುರ್ಚಿ ಮುಂದೆ ಹೋಗಿಬಿಟ್ಟಿತು. ಮುಂದಿನ ಬಾಲ್ಕನಿಯವಳೂ ಅದೇ ಪ್ರಶ್ನೆ ಕೇಳಿದಳು. ಅದರ ಮುಂದಿನವಳು ಕೇಳುವ ಮೊದಲೇ ಮೆಲ್ಚೋರ್, "ಕಾಲು ಉಳುಕಿದೆ, ಹೆರಿಗೆ ಮುಂದಿದೆ!" ಎಂದು ತರಕಾರಿ ಮಾರುವವನಂತೆ ರಾಗವಾಗಿ ಕೂಗತೊಡಗಿದ. ಎದುರಿನಿಂದ ಬಂದ ಕತ್ತೆಯವನು ತನ್ನ ಕತ್ತೆಗಳನ್ನು ಹಿಂದೆ ಹಿಂದಕ್ಕೆ ನಡೆಸಿ ದಾರಿ ಬಿಟ್ಟ.

ಆ ಬೀದಿಯ ನಡುವೆ ನನಗೊಂದು ನೋವು ಬಂತು. ಅದುವರೆಗಿನವು ಅದರ ಮುಂದೆ ಆಟ. ಕಾಲು ಕುಸಿಯಿತು. ಗೋಡೆಯ ಪಕ್ಕ ಮೊಣಕಾಲೂರಿದೆ. ಕಣ್ಣ ಮುಂದೆ ಬಿಳಿ ಸುಣ್ಣ ಬಿಟ್ಟು ಬೇರೇನೂ ಇಲ್ಲ. ಆ ಒಂದು ಕ್ಷಣ ಹೆದರಿದೆ. ಈ ಕಲ್ಲುಗಳ ಮೇಲೆಯೇ ಆಗಿಹೋದರೆ ಏನು ಮಾಡಲಿ ಎಂದು ಹೆದರಿದೆ. ತಲೆಯ ಮೇಲೆ ಒಂದು ಕೈ ಬಂದು ಕೂತಿತು. ಅತ್ತೆ ಕುರ್ಚಿಯನ್ನು ನನ್ನ ಪಕ್ಕಕ್ಕೇ ಇಳಿಸಲು ಹೇಳಿದ್ದಳು.

"ಉಸಿರು ಬಿಡು. ತಡೆದು ಇಟ್ಕೋಬೇಡ, ಬಿಡು. ಹಾಂ. ಇದು ಹೋಗುತ್ತೆ. ಬಂದ ಹಾಗೆ ಹೋಗುತ್ತೆ." ಆಮೇಲೆ ಮೆಲ್ಲಗೆ, ಗಂಡಸರಿಗೆ ಕೇಳಿಸದಂತೆ ಕೇಳಿದಳು: "ಇನ್ನೆಷ್ಟು ದೂರ ಇದೆ?"

ನಾನು ತಲೆಯೆತ್ತಿ ನೋಡಿದೆ. ಹಾಸ್ಯಕ್ಕಲ್ಲ, ನಿಜವಾಗಿ ಕೇಳುತ್ತಿದ್ದಳು. ಅವಳ ಕಣ್ಣು ಆ ಬೀದಿಯ ಮೇಲೆಲ್ಲ ಓಡಾಡುತ್ತಿತ್ತು. ಇಟ್ಟಿಗೆಯ ಹಳೆಯ ಗೋಪುರ, ಅದಕ್ಕೆ ಒರಗಿದ ಸೈಪ್ರೆಸ್ ಮರ, ನೀಲಿ ಬಣ್ಣದ ದೊಡ್ಡ ಬಾಗಿಲು, ಎಲ್ಲದರ ಮೇಲೂ. ಪರವೂರಿನಿಂದ ಬಂದವರು ನೋಡುವ ಹಾಗೆ.

"ಅತ್ತೆ, ಈ ಬೀದಿಗೆ ನೀವು ಬಂದೇ ಇಲ್ವಾ?"

"ಯಾಕೆ ಬರ್ಲಿ? ನನಗಿಲ್ಲಿ ಏನು ಕೆಲಸ?" ಎಂದವಳು, ಆ ನೀಲಿ ಬಾಗಿಲನ್ನೇ ನೋಡುತ್ತ ಹೇಳಿದಳು. "ನಮ್ಮತ್ತೆ ನನಗೆ ಮನೆ, ಚರ್ಚು, ಸಂತೆ ಅಂತ ಮೂರು ಜಾಗ ತೋರಿಸಿದ್ಲು. ಅದು ಬಿಟ್ಟು ಹೋದ್ರೆ ಜನ ಮಾತಾಡ್ತಾರೆ ಅಂದ್ಲು. ಅವಳು ಸತ್ತ ಮೇಲೆ ಯಾರೂ ಬೇಡ ಅನ್ನಲಿಲ್ಲ. ಆದ್ರೆ ಅಷ್ಟು ಹೊತ್ತಿಗೆ ದಾರಿ ಕೇಳೋದಕ್ಕೆ ನಾಚಿಕೆ ಆಯ್ತು. ಹುಟ್ಟಿದ ಊರಲ್ಲಿ ದಾರಿ ಕೇಳ್ತಾರೇನೇ?"

ನೋವು ಹೋಗಿತ್ತು. ಅವಳ ಕೈ ಹಿಡಿದುಕೊಂಡೇ ಎದ್ದೆ. "ಆ ತಿರುವು ದಾಟಿದ್ರೆ ಚಾಪೀಸ್ ಏರು," ಎಂದೆ. "ಆ ನೀಲಿ ಬಾಗಿಲ ಹಿಂದೆ ದೊಡ್ಡ ತೋಟ ಇದೆ. ಬೇಲಿ ಸಂದೀಲಿ ನೋಡಿದ್ರೆ ನವಿಲು ಕಾಣುತ್ತೆ."

"ನವಿಲಾ? ನಮ್ಮೂರಲ್ಲಾ?" ಎಂದಳು ಅತ್ತೆ. ಆಮೇಲೆ ಗಂಡಸರ ಕಡೆ ತಿರುಗಿ, "ಏನ್ ನೋಡ್ತಾ ನಿಂತಿದೀರಿ? ಎತ್ತಿ!" ಎಂದು ಗದರಿದಳು.

ಚಾಪೀಸ್ ಏರನ್ನು ಹೇಗೆ ಹತ್ತಿದೆನೋ ನನ್ನ ಕಾಲುಗಳಿಗೇ ಗೊತ್ತು. ಆ ಕಾಲುಗಳು ಆ ಏರನ್ನು ಎಷ್ಟೋ ಮಧ್ಯಾಹ್ನ ಹತ್ತಿದ್ದವು. ಯಾವ ಕಲ್ಲು ಅಲ್ಲಾಡುತ್ತದೆ, ಎಲ್ಲಿ ಅಂಚು ಹಿಡಿದು ನಡೆಯಬೇಕು ಎಂದು ನನ್ನನ್ನು ಕೇಳದೆಯೇ ನಡೆದವು. ಮೇಲೆ ಸಾಕ್ರೊಮೊಂತೆಯ ದಾರಿ ಹಿಡಿದಾಗ ಕಳ್ಳಿಗಿಡಗಳ ನಡುವೆ ಬಿಳಿ ಗುಹೆಮನೆಗಳು ಕಂಡವು. ಒಂದರ ಮುಂದೆ ಮನೋಲೊ ಅಂಗಳದಲ್ಲಿ ಕೂತು, ಒಳಗೆ ಹೆಂಡತಿ ಕೂಗಿದಾಗೆಲ್ಲ ಒಂದು ತಾಮ್ರದ ಹಂಡೆಯನ್ನು ಜೋರಾಗಿ ಬಡಿಯುತ್ತಿದ್ದ.

ದೊನ್ಯ ಬೆನೀತ ಗದ್ದಲ ಕೇಳಿ ಹೊರಗೆ ಬಂದರು. ಮೊದಲು ಕಂಡದ್ದು ಕುರ್ಚಿ.

"ಇದೇನು ಆಂಗುಸ್ತಿಯಾಸ್? ಸೊಸೇನ ನಡೆಸು ಅಂದ್ರೆ ನೀನು ಪಲ್ಲಕ್ಕಿ ಹತ್ತಿದೀಯಾ?"

"ನನ್ನ ಬಿಡಿ, ಅವಳನ್ನ ನೋಡಿ!" ಎಂದಳು ಅತ್ತೆ. ಕುಸ್ತೋದಿಯೊ ಕುರ್ಚಿ ಇಳಿಸಿ ಬೆನ್ನು ಹಿಡಿದುಕೊಂಡು ಕಳ್ಳಿಯ ಪಕ್ಕದಲ್ಲೇ ಅಡ್ಡಬಿದ್ದ.

ಗುಹೆಯೊಳಗೆ ತಂಪಾಗಿತ್ತು. ಗೋಡೆಯ ತುಂಬ ತಾಮ್ರದ ತಟ್ಟೆ, ಹೂಜಿ, ಸೌಟುಗಳು. ಮಂಚದ ಮೇಲೆ ತ್ರಿನಿ ಬೆವರಿನಲ್ಲಿ ಮಿಂದು ಕೂತಿದ್ದಳು. ಜಿಪ್ಸಿ ಹೆಂಗಸು, ನನಗಿಂತ ಸ್ವಲ್ಪ ದೊಡ್ಡವಳು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಬಾ ತಂಗಿ, ಜಾಗ ಇದೆ. ಆದ್ರೆ ನಾನು ಮೊದ್ಲು ಬಂದೋಳು, ನೆನಪಿರ್ಲಿ" ಎಂದಳು.

ದೊನ್ಯ ಬೆನೀತ ನನ್ನನ್ನು ಮುಟ್ಟಿ ನೋಡಿ, "ಇವಳು ನಿನಗೆ ಕಾಯಲ್ಲ ಕಣೇ ತ್ರಿನಿ" ಎಂದರು. "ಮಂಚ ಹತ್ತಿಸೋಕೂ ಹೊತ್ತಿಲ್ಲ. ಆಂಗುಸ್ತಿಯಾಸ್! ಕುರ್ಚಿ ಒಳಗೆ ಎಳೀತೀನಿ, ನೀನು ಏಳ್ಬೇಡ. ಇವಳು ನಿನ್ನ ಮುಂದೆ ಕುಕ್ಕರಗಾಲಲ್ಲಿ ಕೂರ್ತಾಳೆ. ಹಿಂದಿಂದ ಕಂಕುಳಿಗೆ ಕೈ ಹಾಕಿ ಎತ್ತಿ ಹಿಡ್ಕೊ. ಗಟ್ಟಿಯಾಗಿ. ಬಾಯಿ ಬೇಡ, ಕೈ ಸಾಕು."

ಅತ್ತೆ ಮಾತಿಲ್ಲದೆ ಹಿಡಿದಳು. ಆ ಗಿಡ್ಡ ಮೈಯಲ್ಲಿ ಅಷ್ಟು ಬಲವಿತ್ತೆಂದು ಯಾರು ಎಣಿಸಿದ್ದರು? ನನ್ನ ಬೆನ್ನು ಅವಳ ಎದೆಗೆ ಒರಗಿತ್ತು. ನಾನು ಒತ್ತಿದಾಗೆಲ್ಲ ಊದಿದ ಕಾಲು ನೆಲಕ್ಕೆ ಊರಿ ಅವಳೂ ನರಳುತ್ತಿದ್ದಳು. ಆದರೆ ಕೈ ಸಡಿಲಿಸಲಿಲ್ಲ. ತ್ರಿನಿ ಮಂಚದಿಂದಲೇ, "ಇನ್ನೊಂದ್ಸಲ ತಂಗಿ, ತಲೆ ಕಾಣ್ತಾ ಇದೆ, ಕರೀ ಕೂದ್ಲು!" ಎಂದು ಕೂಗುತ್ತಿದ್ದಳು. ಹೊರಗೆ ಮನೋಲೊ ಯಾರ ಕೂಗು ಎಂದು ತಿಳಿಯದೆ ಹಂಡೆಯನ್ನು ಬಡಿದೇ ಬಡಿದ.

ನನ್ನ ಮಗಳು ದೊನ್ಯ ಬೆನೀತರ ಕೈಗೆ ಮೀನಿನ ಹಾಗೆ ಜಾರಿ ಬಂದಳು. ಬಂದವಳೇ ಕಿರುಚಿದಳು. ಆ ಗಂಟಲು ಎಲ್ಲಿಂದ ಬಂತೆಂದು ಯಾರೂ ಕೇಳಬೇಕಾಗಿರಲಿಲ್ಲ.

"ಬೆಳಗಿನ ಜಾವದಿಂದ ಕಾಯ್ತಿರೋಳು ನಾನು!" ಎಂದಳು ತ್ರಿನಿ. "ಬಯಲಿಂದ ಬಂದೋಳು ಸರದಿ ಮುರಿದು ಎತ್ಕೊಂಡು ಹೋದ್ಲು!" ಎಂದು ನಗಲು ಹೋದಳು; ನಗು ನಡುವೆಯೇ ಕೂಗಾಯಿತು. ಸೂರ್ಯ ಇಳಿಯುವ ಹೊತ್ತಿಗೆ ಅವಳಿಗೆ ಗಂಡುಮಗು ಹುಟ್ಟಿತು, ಅದೂ ನನ್ನ ಮಗಳಿಗಿಂತ ದಪ್ಪ. ಈ ಸಲ ನಾನು ಮಂಚದ ಪಕ್ಕದಲ್ಲಿ ಮಲಗಿ ಅವಳ ಒಂದು ಕೈ ಹಿಡಿದಿದ್ದೆ, ಕುರ್ಚಿಯಲ್ಲಿದ್ದ ಅತ್ತೆ ಇನ್ನೊಂದನ್ನು. ಕುಸ್ತೋದಿಯೊ ಮೆಲ್ಚೋರ್‌ನನ್ನು ಅಂಗಡಿಗೆ ಓಡಿಸಿ ಒಂದು ಸೀಸೆ ಸಿಹಿ ವೈನ್ ತರಿಸಿದ. ದೊನ್ಯ ಬೆನೀತ ಅದರಲ್ಲಿ ಅರ್ಧವನ್ನು ನಮಗೆ ಕುಡಿಸಿ, ಉಳಿದರ್ಧವನ್ನು ತಾವೇ ಮುಗಿಸಿದರು. ಅತ್ತೆಯ ಕಾಲಿಗೆ ಉಪ್ಪು ಮತ್ತು ವಿನೆಗರಿನ ಪಟ್ಟಿ ಬಿತ್ತು.

ಎಲೋಯ್ ಮನೆಗೆ ಹೋಗಿ, ಬಾಗಿಲು ಮುಚ್ಚಿದ್ದು ನೋಡಿ ಗಾಬರಿಯಾಗಿ ಹೊರಟಿದ್ದನಂತೆ. ಅವನೇನೂ ಹುಡುಕಬೇಕಾಗಲಿಲ್ಲ. ಬಾಲ್ಕನಿ ಬಾಲ್ಕನಿಯಿಂದ, "ನಿಮ್ಮಮ್ಮ ಹೆತ್ತಳೇನಪ್ಪ?" ಎಂದು ಕೇಳುವವರು ಕೈ ತೋರಿಸಿದ ದಿಕ್ಕಿನಲ್ಲಿ ಬಂದ. ಗುಹೆಯ ಬಾಗಿಲಲ್ಲಿ ನಿಂತವನ ಮುಖ ನೋಡಿ ನಾವು ಮೂವರು ಹೆಂಗಸರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನಗೂ ತ್ರಿನಿಗೂ ನಗಬಾರದ ಸ್ಥಿತಿ, ಆದರೂ ನಕ್ಕೆವು.

ಮಗಳನ್ನೂ ನನ್ನನ್ನೂ ಅಲ್ಲಿಂದ ಕದಲಿಸಬಾರದೆಂದು ದೊನ್ಯ ಬೆನೀತರ ಆಜ್ಞೆಯಾಯಿತು. ಮೂರನೆಯ ದಿನದವರೆಗೆ ನಾವು ಅತ್ತೆ ಸೊಸೆ ಆ ಗುಹೆಯಲ್ಲೇ ಉಳಿದೆವು. ತ್ರಿನಿಯ ಅತ್ತಿಗೆ ಕೋಳಿ ಸಾರು ಮಾಡಿ ಹಾಕಿದಳು. ಅತ್ತೆ ಮೊದಲ ದಿನ ಸಾರಿಗೆ ಪುದೀನ ಕಮ್ಮಿ ಎಂದಳು, ಎರಡನೆಯ ದಿನ ತಾನೇ ಕೂತಲ್ಲಿಂದ ಪುದೀನ ಬಿಡಿಸಿಕೊಟ್ಟಳು. ಸಂಜೆ ಕುರ್ಚಿಯನ್ನು ಹೊರಗೆ ಹಾಕಿಸಿಕೊಂಡು ಕೂರುತ್ತಿದ್ದಳು. ಆ ಕಡೆಯಿಂದ ನಮ್ಮ ಅಲ್ಬೈಸಿನ್ ಪೂರ್ತಿ ಕಾಣುತ್ತದೆ. ಮನೆಗಳ ಮೇಲೆ ಮನೆ, ನಡುವೆ ಸೈಪ್ರೆಸ್ ಮರಗಳು, ಹೊಗೆ.

"ನಮ್ಮನೆ ಯಾವ್ದೇ ಅದ್ರಲ್ಲಿ?" ಎಂದು ಕೇಳಿದಳು.

ನಾನು ಬೆರಳು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. ದಿನವೂ ಅವಳು ಮಲಗಿದ ಹೊತ್ತಿನಲ್ಲಿ ನಾನು ಹೊರಗೆ ಹೋದದ್ದಕ್ಕೆ ಬೈಯುತ್ತಾಳೆಂದು ಕಾದಿದ್ದೆ. ಬೈಯಲಿಲ್ಲ. ಒಂದೇ ಒಂದು ಸಲ, "ಬಾಗಿಲು ಕಿರ್ ಅನ್ನುತ್ತೆ ನಮ್ಮನೇದು. ಹೇಗೆ ತೆಗೀತಿದ್ದೆ?" ಎಂದಳು. "ಮೇಲಕ್ಕೆ ಎತ್ತಿ ಎಳೆದ್ರೆ ಅನ್ನಲ್ಲ" ಎಂದೆ. "ಓಹೋ" ಎಂದಳು.

ಮಗುವಿಗೆ ತನ್ನದೇ ಹೆಸರಿಡಬೇಕೆಂದು ಅತ್ತೆಗೆ ಆಸೆಯಿತ್ತು. ಒಂದು ಮನೆಯಲ್ಲಿ ಇಬ್ಬರು ಆಂಗುಸ್ತಿಯಾಸ್‌ರನ್ನು ತಾಳುವ ಶಕ್ತಿ ತನಗಿಲ್ಲ ಎಂದ ಎಲೋಯ್. ಕೊನೆಗೆ ತ್ರಿನಿಯೇ ತೀರ್ಪು ಕೊಟ್ಟಳು: ತನ್ನ ಮನೆಯಲ್ಲಿ ಹುಟ್ಟಿದ ಕೂಸಿಗೆ ತನ್ನ ಅಜ್ಜಿಯ ಹೆಸರು. ಹಾಗೆ ನನ್ನ ಹಿರಿಯಳು ಸೊಲೆದಾದ್ ಆದಳು. ತ್ರಿನಿಯ ಮಗನಿಗೆ ದೀಕ್ಷಾಸ್ನಾನದಲ್ಲಿ ಕುಸ್ತೋದಿಯೊ ಜ್ಞಾನತಂದೆಯಾಗಿ ನಿಂತ.

ಮೂರನೆಯ ದಿನ ಹೊರಟೆವು. ಅತ್ತೆಯ ಕಾಲಿನ್ನೂ ನೆಲಕ್ಕೆ ಊರುತ್ತಿರಲಿಲ್ಲ. ಈ ಸಲ ಕುರ್ಚಿಯ ಒಂದು ಕಡೆ ಎಲೋಯ್, ಇನ್ನೊಂದು ಕಡೆ ಮನೋಲೊ. ಮಗು ಅತ್ತೆಯ ತೊಡೆಯ ಮೇಲೆ, ಕಪ್ಪು ಶಾಲಿನೊಳಗೆ. ನಾನು ಪಕ್ಕದಲ್ಲಿ ನಿಧಾನಕ್ಕೆ ನಡೆಯುತ್ತಿದ್ದೆ. ಚಾಪೀಸ್ ಏರಿನ ಕೂಡುದಾರಿಯಲ್ಲಿ ಎಲೋಯ್ ನಿಂತ.

"ಅಮ್ಮಾ, ಯಾವ ಕಡೆ? ಚರ್ಚಿನ ಮುಂದಿಂದ ಹೋಗೋಣ್ವಾ, ಕೆಳಗಿನ ಬೀದೀಲಾ?"

"ನನ್ನನ್ಯಾಕೆ ಕೇಳ್ತೀಯಾ? ಅವಳನ್ನ ಕೇಳು," ಎಂದಳು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, ಗಂಟಲು ತಗ್ಗಿಸಿ, "ಬೇಗ ಮನೆ ಸೇರೋ ದಾರಿ ಬೇಡ ಕಣೇ. ಬೇರೆ ಯಾವ್ದಾದ್ರೂ ಇದ್ರೆ ನೋಡು" ಎಂದಳು.

ಬಲಕ್ಕೆ, ಎರಡು ತೋಟದ ಗೋಡೆಗಳ ನಡುವೆ, ಜಾಜಿ ಬಳ್ಳಿ ಇಳಿಬಿದ್ದ ಕಿರಿದಾದ ಒಂದು ಓಣಿ ಮೇಲಕ್ಕೆ ಹೋಗುತ್ತಿತ್ತು. ಎಷ್ಟೋ ಸಲ ಅದರ ಬಾಯಿಯ ಮುಂದೆ ಹಾದುಹೋಗಿದ್ದೆ, ಒಳಗೆ ಹೊಕ್ಕಿರಲಿಲ್ಲ. ಅದು ಎಲ್ಲಿಗೆ ಹೋಗುತ್ತದೋ ನನಗೂ ಗೊತ್ತಿರಲಿಲ್ಲ.

"ಈ ಕಡೆ," ಎಂದು ಹೇಳಿ ಮುಂದೆ ನಡೆದೆ.